ಕುದುರೆ ಶೋ ಸ್ಪಾನ್ಸರ್ ಕೆಲಸಕ್ಕೆ ಶಿರಸಿಯ ಈ ಬೋರ್ಡ್-ಫೋಟೋ ಅಂಗಡಿ ಹೇಗೆ? ನನ್ನ ರಿವ್ಯೂ

ಐದರಲ್ಲಿ ನಾಲ್ಕೂವರೆ ಸ್ಟಾರ್, ಮೊದಲೇ ಹೇಳಿಬಿಡ್ತೇನೆ. ಕುದುರೆ ಶೋ ಮಾಡೋರಿಗಷ್ಟೇ ಅಂತ ಓದದೆ ಬಿಡ್ಬೇಡಿ, ಕಬಡ್ಡಿ ಟೂರ್ನಮೆಂಟು, ಬಯಲಾಟ, ಊರ ಉತ್ಸವ, ಎಂತದೇ ಮಾಡ್ಲಿಕ್ಕೆ ರಸೀದಿ ಪುಸ್ತಕ ಹಿಡ್ಕೊಂಡು ಅಂಗಡಿ ಅಂಗಡಿ ಹತ್ತೋ ಎಲ್ಲರಿಗೂ ಉಪಯೋಗ ಆಗ್ತದೆ ಅಂತಲೇ ಸ್ವಲ್ಪ ಉದ್ದಕ್ಕೆ ಬರೀತಿದ್ದೇನೆ. ಅಂಗಡಿ ಶಿರಸಿ ಪೇಟೆಯಲ್ಲೇ ಇದೆ, ಗಂಡ ಹೆಂಡತಿ ಇಬ್ಬರೇ ನಡೆಸೋದು. ಅಣ್ಣ ಬೋರ್ಡ್ ಬರೀತಾರೆ, ಫೋಟೋ ತೆಗೀತಾರೆ. ಅಕ್ಕ ಡಿಟಿಪಿ, ಪತ್ರ, ಬಿಲ್ಲು, ಫೈಲು ಎಲ್ಲ ನೋಡ್ಕೋತಾರೆ. ಇಂಟರ್ನೆಟ್ಟಲ್ಲಿ ಹೆಸರು ನಂಬರ್ ಹಾಕೋದು ಅವರಿಗೆ ಇಷ್ಟ ಇಲ್ಲ, ಹಾಗಾಗಿ ಇಲ್ಲಿ ಹಾಕಿಲ್ಲ, ಬೇಕಾದೋರು ಕೇಳಿದ್ರೆ ಅವರ ಹತ್ರ ಕೇಳಿ ಕೊಡ್ತೇನೆ.

ನಮ್ಮದು ಶಿರಸಿ ಹತ್ತಿರದ ಸಣ್ಣ ರೈಡಿಂಗ್ ಕ್ಲಬ್ಬು. ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿ ಒಂದು ಹದಕ್ಕೆ ಬಂದ ಮೇಲೆ, ಜನವರಿ ಕೊನೆಗೋ ಫೆಬ್ರವರಿಗೋ, ಎರಡು ದಿನದ ಕುದುರೆ ಶೋ ಮಾಡ್ತೇವೆ. ಶೋ ಜಂಪಿಂಗ್ ಇರ್ತದೆ, ಟೆಂಟ್ ಪೆಗ್ಗಿಂಗ್, ಅಂದ್ರೆ ಓಡೋ ಕುದುರೆ ಮೇಲಿಂದ ಭರ್ಜಿಯಲ್ಲಿ ನೆಲದ ಗೂಟ ಎತ್ತೋ ಆಟ, ಇರ್ತದೆ, ಸಣ್ಣ ಮಕ್ಕಳಿಗೆ ದೊಡ್ಡೋರು ಹಗ್ಗ ಹಿಡ್ಕೊಂಡು ನಡೆಸೋ ಕ್ಲಾಸ್ (ಒಂದೊಂದು ಸ್ಪರ್ಧೆಗೂ ನಾವು ಕ್ಲಾಸ್ ಅಂತೇವೆ) ಒಂದು ಇರ್ತದೆ. ಜಂಪಿಂಗ್ ನೋಡದೇ ಇರೋರಿಗೆ ಒಂದು ಮಾತು: ಮೈದಾನದಲ್ಲಿ ಹತ್ತು ಹನ್ನೆರಡು ಕಡೆ ಎರಡೆರಡು ಸ್ಟ್ಯಾಂಡ್ ನಿಲ್ಲಿಸಿ ನಡುವೆ ಗಳ ಇಟ್ಟಿರ್ತಾರೆ, ಗಳ ಕಬ್ಬಿಣದ ಕಪ್ ಮೇಲೆ ಸುಮ್ಮನೆ ಕೂತಿರ್ತದೆ ಅಷ್ಟೇ, ಕಟ್ಟಿರೋದಿಲ್ಲ, ಕುದುರೆ ಕಾಲು ತಾಗಿದ್ರೆ ಉದುರಲೇಬೇಕು, ಉದುರಿದ್ರೆ 4 ಪೆನಾಲ್ಟಿ, ಹಾರದೆ ನಿಂತುಬಿಟ್ರೂ 4. ಈ ಗಳದ ವಿಷಯ ಯಾಕೆ ಹೇಳ್ದೆ ಅಂದ್ರೆ ಸ್ಪಾನ್ಸರ್ ಹೆಸರು ಬರೋ ಜಾಗ ಅದರ ಬುಡದಲ್ಲೇ, ಮುಂದೆ ಹೇಳ್ತೇನೆ.

ಖರ್ಚಿನ ಕಥೆ ಎಲ್ಲರಿಗೂ ಗೊತ್ತಿರೋದಿಲ್ಲ. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು ಕಡೆಯಿಂದ ಕುದುರೆ ಲಾರಿ ಮೇಲೆ ಬರ್ಬೇಕು, ಬೆಂಗಳೂರಿಂದ ಅಂದ್ರೆ 400 ಕಿಲೋಮೀಟರ್ ಹತ್ತಿರ, ನಡುವೆ ಇಳಿಸಿ ನೀರು ಕುಡಿಸಿ ಮತ್ತೆ ಹತ್ತಿಸ್ಬೇಕು. ಬರೋ ಕುದುರೆಗೆಲ್ಲ ಗ್ಲ್ಯಾಂಡರ್ಸ್ ಇಲ್ಲ ಅಂತ ರಕ್ತ ಪರೀಕ್ಷೆ ರಿಪೋರ್ಟ್ ಬೇಕು, ಅದು ಮನುಷ್ಯರಿಗೂ ಹರಡೋ ಕಾಯಿಲೆ, ಅದರಲ್ಲಿ ರಿಯಾಯಿತಿ ಮಾತೇ ಇಲ್ಲ. ಎರಡು ದಿನವೂ ಮೈದಾನದಲ್ಲಿ ವೆಟರ್ನರಿ ಡಾಕ್ಟ್ರು ಬೇಕು, ಆಂಬುಲೆನ್ಸ್ ಬೇಕು, ಲಾಳ ಬಡಿಯೋರು ಬೇಕು, ಧೂಳು ಏಳದ ಹಾಗೆ ನೀರಿನ ಟ್ಯಾಂಕರ್ ಬೇಕು, ಬಂದೋರಿಗೆ ಊಟ ವಸತಿ. ಎಂಟ್ರಿ ಫೀಯಲ್ಲಿ ಇದರ ಕಾಲು ಭಾಗವೂ ಹುಟ್ಟೋದಿಲ್ಲ. ಟಿಕೆಟ್ ಇಡೋಣ ಅಂದ್ರೆ ನಮ್ಮ ಕಡೆ ಮೈದಾನದ ಆಟಕ್ಕೆ ದುಡ್ಡು ಕೊಟ್ಟು ಬರೋ ರೂಢಿ ಇಲ್ಲ. ಹಾಗಾಗಿ ಸ್ಪಾನ್ಸರ್ ಇಲ್ಲ ಅಂದ್ರೆ ಶೋ ಇಲ್ಲ, ಅಷ್ಟೇ.

ಈ ಅಂಗಡಿಗೆ ಮುಂಚೆ ಒಂದು ವರ್ಷ ಹೊರಗಿನ ಊರಿನ ಈವೆಂಟ್ ಕಂಪನಿಯೊಂದಕ್ಕೆ ನಮ್ಮ ಕಮಿಟಿ ಕೆಲಸ ಕೊಟ್ಟಿತ್ತು. ಮಾತು ಚಂದ, ಲ್ಯಾಪ್‌ಟಾಪ್ ತೆಗೆದು ಪ್ಲಾಟಿನಂ ಗೋಲ್ಡ್ ಸಿಲ್ವರ್ ಅಂತ ಮೂರು ಪ್ಯಾಕೇಜ್ ತೋರಿಸಿದ್ರು, ಬಂದ ದುಡ್ಡಲ್ಲಿ ನೂರಕ್ಕೆ ಇಪ್ಪತ್ತೈದು ಅವರದ್ದು. ದುಡ್ಡು ಬಂತು, ಸುಳ್ಳು ಹೇಳೋದಿಲ್ಲ. ಆದ್ರೆ ಬಂದಿದ್ದು ಹೇಗೆ ಅಂದ್ರೆ ಒಂದೊಂದು ಅಂಗಡಿಗೂ ಒಂದೊಂದು ಮಾತು ಕೊಟ್ಟಿದ್ರು. ಬಂಗಾರದ ಅಂಗಡಿಯೋರಿಗೆ ಟೀವಿಯೋರು ಬರ್ತಾರೆ ಅಂದಿದ್ರು, ಟೈರ್ ಅಂಗಡಿಯೋರಿಗೆ ಮೈದಾನದ ಬಾಗಿಲಲ್ಲಿ ಕಮಾನು ನಿಮ್ದೇ ಅಂದಿದ್ರು, ಅದೇ ಕಮಾನು ಮತ್ತಿಬ್ಬರಿಗೂ ಹೇಳಿದ್ರು. ಶೋ ದಿನ ಬೇಲಿ ಸುತ್ತ ಸಾಲಾಗಿ ಬ್ಯಾನರ್ ಕಟ್ಟಿದ್ರು, ಅದೂ ಸಡಿಲ. ಹನ್ನೊಂದು ಗಂಟೆಗೆ ಗಾಳಿ ಶುರು ಆಯ್ತು, ಬ್ಯಾನರ್ ಪಟಪಟ ಹೊಡ್ಕೊಳ್ಳಿಕ್ಕೆ ಶುರು, ಬೆಳಗಾವಿಯಿಂದ ಬಂದಿದ್ದ ಎಳೆಯ ಕುದುರೆ ಒಂದು ಆ ಮೂಲೆಗೆ ಹೋದಾಗೆಲ್ಲ ಕಿವಿ ನಿಮಿರಿಸಿ ಅಡ್ಡ ಅಡ್ಡ ಹೋಗ್ತಿತ್ತು, ಮೇಲಿದ್ದ ಹುಡುಗಿ ಬೀಳದೆ ಉಳಿದಿದ್ದು ಅವಳ ಕೂತ್ಕೊಳ್ಳೋ ಶಕ್ತಿ. ಕೊನೆಗೆ ನಾವೇ ಓಡಿ ಹೋಗಿ ಬ್ಯಾನರ್ ಬಿಚ್ಚಿದ್ವಿ. ಬಿಚ್ಚಿದ ಬ್ಯಾನರ್ ಯಾರದ್ದು? ದುಡ್ಡು ಕೊಟ್ಟ ಸ್ಪಾನ್ಸರ್‌ದು. ಆ ಯಜಮಾನ್ರು ಮಧ್ಯಾಹ್ನ ಮನೆಯೋರನ್ನೆಲ್ಲ ಕರ್ಕೊಂಡು ಬಂದು ನೋಡಿದ್ರೆ ಅವರ ಹೆಸರೇ ಇಲ್ಲ.

ಶೋ ಮುಗಿದ ಮೇಲೆ ಆ ಕಂಪನಿಯೋರು ಫೋನ್ ಎತ್ತೋದು ನಿಲ್ಲಿಸಿದ್ರು. ಫೋಟೋ ಬರ್ಲಿಲ್ಲ, ಲೆಕ್ಕ ಬರ್ಲಿಲ್ಲ, ಒಂದು ಥ್ಯಾಂಕ್ಸ್ ಪತ್ರ ಕೂಡ ಯಾರಿಗೂ ಹೋಗ್ಲಿಲ್ಲ. ಮುಂದಿನ ವರ್ಷ ನಾವು ಅದೇ ಅಂಗಡಿಗಳಿಗೆ ಹೋದಾಗ ಯಾರೂ ಬೈಲಿಲ್ಲ, ಕೂತ್ಕೊಳ್ಳಿ ಅಂದ್ರು, ಚಾ ತರಿಸಿದ್ರು, "ಈ ಸಲ ಬೇಡ ತಮ್ಮಾ, ಮುಂದೆ ನೋಡ್ವ" ಅಂದ್ರು. ನಮ್ಮ ಕಡೆ ಜನ ಬೇಡ ಅನ್ನೋದು ಹೀಗೇ, ಅದು ಬೈಗಳಕ್ಕಿಂತ ಕಷ್ಟ.

ಈಗ ಈ ಅಂಗಡಿ. ಮೊದಲನೇ ವ್ಯತ್ಯಾಸ, ಇವರು ಸ್ಪಾನ್ಸರ್ ತಂದು ಕೊಡೋದಿಲ್ಲ, ಕಮಿಷನ್ನೂ ತಗೊಳ್ಳೋದಿಲ್ಲ. ಅಣ್ಣ ಹೇಳಿದ್ದು ಇಷ್ಟೇ: "ಕೇಳೋದು ನೀವೇ ಕೇಳ್ಬೇಕು, ನಿಮ್ಮ ಮುಖ ನೋಡಿ ಕೊಡೋದು ಅವರು. ಕೊಟ್ಟೋರಿಗೆ ಕೊಟ್ಟಿದ್ದು ಸಾರ್ಥಕ ಆಯ್ತು ಅನ್ನೋ ಹಾಗೆ ಮಾಡೋದು ನಮ್ಮ ಕೆಲಸ." ಅಂದ್ರೆ ಬೋರ್ಡು, ಫೋಟೋ, ಪತ್ರ, ಕೊನೆಗೆ ಒಂದು ಫೈಲು. ಕೇಳ್ಲಿಕ್ಕೆ ಸಣ್ಣ ಕೆಲಸ ಅನಿಸ್ತದೆ, ಸ್ಪಾನ್ಸರ್ ಎರಡನೇ ವರ್ಷ ಉಳಿಯೋದು ಬಿಡೋದು ಇದರಲ್ಲೇ ಇದೆ ಅಂತ ನನಗೆ ಈಗ ಖಾತ್ರಿ.

ಅವರು ಮೊದಲು ಕೇಳಿದ್ದು ಮೈದಾನದ ನಕ್ಷೆ, ಯಾವ ಜಂಪ್ ಎಲ್ಲಿ ಬರ್ತದೆ, ಜನ ಎಲ್ಲಿ ಕೂತ್ಕೋತಾರೆ, ಬಿಸಿಲು ಯಾವ ಕಡೆಯಿಂದ. ಆಮೇಲೆ ಅಣ್ಣ ಒಂದು ಸಂಜೆ ಬಂದು ಮೈದಾನ ಸುತ್ತಿ ಗಾಳಿ ನೋಡಿ ಬ್ಯಾನರ್ ಬೇಡವೇ ಬೇಡ ಅಂದ್ರು. ಹೇಗೂ ನಮ್ಮ ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸಿಗೆ ನಿಷೇಧ, ಬಟ್ಟೆ ಬ್ಯಾನರ್ ಅಂದ್ರೂ ಗಾಳಿಗೆ ಹೊಡ್ಕೊಳ್ಳೋದು ತಪ್ಪೋದಿಲ್ಲ. ಅದರ ಬದಲು ಹಲಗೆ. ಜಂಪಿನ ಗಳದ ಕೆಳಗೆ ಖಾಲಿ ಜಾಗ ಇರ್ತದಲ್ಲ, ಅಲ್ಲಿ ನಿಲ್ಲಿಸೋ ಪ್ಲೈವುಡ್ ಬೋರ್ಡು, ನಮ್ಮ ಭಾಷೆಯಲ್ಲಿ ಫಿಲ್ಲರ್. ಪ್ರತಿ ಜಂಪೂ ಒಬ್ಬ ಸ್ಪಾನ್ಸರಿಗೆ. ಹೊರದೇಶದ ದೊಡ್ಡ ಶೋಗಳಲ್ಲೂ ಹೀಗೇ ಮಾಡೋದು, ಟೀವಿಯಲ್ಲಿ ಕುದುರೆ ಹಾರೋವಾಗ ಅದರ ಹೊಟ್ಟೆ ಕೆಳಗೆ ಕಾಣೋ ಹೆಸರುಗಳೆಲ್ಲ ದುಡ್ಡು ಕೊಟ್ಟೋರದ್ದೇ.

ಹಲಗೆ ವಿಷಯದಲ್ಲಿ ಅವರ ಕೆಲಸ ನೋಡಿ ನನಗೆ ನಿಜವಾಗಿ ಗೌರವ ಬಂತು. ಮೂಲೆಗಳನ್ನೆಲ್ಲ ಗುಂಡಗೆ ಉಜ್ಜಿದ್ರು, ಕುದುರೆ ಕಾಲಿಗೆ ಕೊರೀಬಾರ್ದು ಅಂತ. ಒಂದು ಮೊಳೆ ತಲೆ ಹೊರಗೆ ಇರ್ಲಿಲ್ಲ. ಹಿಂದೆ ಆನಿಕೆ ಕಾಲು ಹೇಗಿಟ್ರು ಅಂದ್ರೆ ಕುದುರೆ ಎದೆ ತಾಗಿದ್ರೆ ಹಲಗೆ ಹಿಂದಕ್ಕೆ ಮಲಗಿಬಿಡ್ಬೇಕು, ಗಟ್ಟಿ ನಿಂತು ಕುದುರೆಯನ್ನ ಮುಗ್ಗರಿಸಬಾರ್ದು. ಇದನ್ನೆಲ್ಲ ಮೈದಾನದಲ್ಲಿ ಯಾವ ಜಂಪ್ ಎಲ್ಲಿ ಅಂತ ಕೂರಿಸೋ ನಮ್ಮ ಕೋರ್ಸ್ ಡಿಸೈನರ್ ಹತ್ರ ಕೂತು ಕೇಳಿ ಕೇಳಿ ಮಾಡಿದ್ದು. ಬಣ್ಣದ್ದು ಇನ್ನೂ ಒಂದು ಕಥೆ. ಬಟ್ಟೆ ಅಂಗಡಿಯೋರು ತಮ್ಮ ಲೋಗೋ ಕೆಂಪು, ಹಲಗೆ ಪೂರ್ತಿ ಕೆಂಪು ಬೇಕು ಅಂದ್ರು. ಕುದುರೆ ಕಣ್ಣಿಗೆ ನೀಲಿ ಹಳದಿ ಬೇರೆ ಬೇರೆ ಕಾಣ್ತದೆ, ಕೆಂಪು ಹಸಿರು ಸರಿಯಾಗಿ ಬೇರೆ ಕಾಣೋದಿಲ್ಲ, ಹುಲ್ಲಿನ ಮೇಲೆ ಕೆಂಪು ಹಲಗೆ ಅಂದ್ರೆ ಅದಕ್ಕೆ ಎಲ್ಲಿ ಹಾರ್ಬೇಕು ಅಂತಲೇ ಗೊತ್ತಾಗೋದು ತಡ. ಬ್ರಿಟನ್ನಿನಲ್ಲಿ ಕುದುರೆ ರೇಸಿನ ಹರ್ಡಲ್‌ಗಳಲ್ಲಿ ಇದ್ದ ಕಿತ್ತಳೆ ಬಣ್ಣ ತೆಗೆದು ಬಿಳಿ ಮಾಡ್ಲಿಕ್ಕೆ 2022ರಲ್ಲಿ ತೀರ್ಮಾನ ಮಾಡಿದ್ದೂ ಕುದುರೆ ಕಣ್ಣಿನ ಮೇಲೆ ನಡೆದ ಸಂಶೋಧನೆ ನೋಡಿಯೇ. ನಾನು ಇದನ್ನ ಹೇಳಿದ್ದೇ ತಡ, ಅಣ್ಣ ಬಟ್ಟೆ ಅಂಗಡಿಗೆ ಹೋಗಿ ಕೂತು ಮಾತಾಡಿ, ಹಲಗೆ ಬಿಳಿ ಮಾಡಿ, ಅಂಚಿಗೆ ದಪ್ಪ ನೀಲಿ ಪಟ್ಟಿ ಎಳೆದು, ಕೆಂಪು ಲೋಗೋ ನಡುವೆ ಬರೆದ್ರು. ಕುದುರೆಗೂ ಕಂಡಿತು, ಜನರಿಗೂ ಕಂಡಿತು, ಅಂಗಡಿಯೋರೂ ಮೊದಲಿನ ಡಿಸೈನಿಗಿಂತ ಇದೇ ಚಂದ ಅಂದ್ರು. ಕೈಯಲ್ಲಿ ಬರೆದ ಅಕ್ಷರ, ಪ್ರಿಂಟ್ ಅಂಟಿಸಿದ್ದಲ್ಲ. ಮಳೆಗಾಲದಲ್ಲಿ ಕ್ಲಬ್ಬಿನ ಅಟ್ಟದ ಮೇಲೆ ಇಟ್ಟಿದ್ದೆವು, ಮರು ವರ್ಷ ಒರೆಸಿ ಹಾಗೇ ಬಳಸಿದ್ವಿ.

ಮರು ವರ್ಷ ಬಳಸೋ ಹಲಗೆಯಿಂದ ಇನ್ನೊಂದು ಲಾಭ ನಾನು ಮೊದಲು ಎಣಿಸಿರ್ಲಿಲ್ಲ. ಹಿಂಡಿ ಬೂಸಾ ಅಂಗಡಿಯೋರೊಬ್ಬರು ಇದ್ದಾರೆ, ಮೊದಲ ವರ್ಷ ಕೊಟ್ಟಿದ್ದೂ ನಾವು ಕುದುರೆಗೆ ಹೊಟ್ಟು ಅಲ್ಲೇ ತಗೋತೇವೆ ಅನ್ನೋ ಒಂದೇ ಕಾರಣಕ್ಕೆ, ಮುಲಾಜಿಗೆ. ಅವರ ಹಲಗೆ 4ನೇ ಜಂಪಿಗೆ ಬಂತು. ಶೋ ಮುಗಿದು ಒಂದೆರಡು ವಾರಕ್ಕೆ ಅವರ ಜಂಪ್ ಮೇಲೆ ಕುದುರೆ ಹಾರ್ತಿರೋ ಫೋಟೋ ಫ್ರೇಮ್ ಹಾಕಿಸಿ ಕೊಟ್ವಿ, ಅದನ್ನ ಗಲ್ಲಾ ಪೆಟ್ಟಿಗೆ ಹಿಂದಿನ ಗೋಡೆಗೆ ಹೊಡೆದ್ರು. ಬಂದ ಗಿರಾಕಿಗೆಲ್ಲ "ಇದು ನಮ್ಮ ಹಲಗೆ" ಅಂತ ತೋರಿಸ್ತಾರಂತೆ. ಮರು ವರ್ಷ ದೀಪಾವಳಿ ಮುಗಿಯೋದ್ರೊಳಗೆ ಅವರೇ ಫೋನ್ ಮಾಡಿದ್ರು, "ನಮ್ಮ ಹಲಗೆ ಈ ಸಲ ಎಷ್ಟನೇ ನಂಬರಿಗೆ? ಜನ ಕೂರೋ ಬದಿಗೆ ಹಾಕಿ ಮಾರಾಯ್ರೆ." ನಾವು ಕೇಳೋ ಮೊದಲೇ ಸ್ಪಾನ್ಸರ್ ಫೋನ್ ಮಾಡಿದ್ದು ಅಂದ್ರೆ ಏನು ಅಂತ ಈ ಕೆಲಸ ಮಾಡಿದೋರಿಗೆ ಗೊತ್ತು.

ಆ ಫೋಟೋ ಸುಮ್ಮನೆ ಬರೋದಲ್ಲ. ಬೇರೆ ಫೋಟೋಗ್ರಾಫರ್‌ಗಳು ಜಂಪಿನ ನೇರ ಎದುರಿಗೆ ಹೋಗಿ ನಿಂತ್ಕೋತಾರೆ, ಕುದುರೆ ಮುಖ ಚಂದ ಬರ್ತದೆ, ಬೋರ್ಡ್ ಮೇಲೆ ನೆರಳು, ಸವಾರರ ಅರ್ಧ ಮುಖ ಕುದುರೆ ಕುತ್ತಿಗೆ ಹಿಂದೆ. ಸರಿಯಾಗಿ ಬದಿಗೆ ನಿಂತ್ರೆ ಕುದುರೆಯ ಆಕಾರ ಪೂರ್ತಿ ಬರ್ತದೆ, ಹಲಗೆ ಅಂಚು ಮಾತ್ರ ಕಾಣ್ತದೆ, ಅಕ್ಷರ ಒಂದೂ ಓದ್ಲಿಕ್ಕಾಗೋದಿಲ್ಲ. ಹಲಗೆಯ ಅಕ್ಷರ ಇರೋದು ಕುದುರೆ ಬರೋ ಬದಿಗೆ. ಹಾಗಾಗಿ ಅಣ್ಣ ಹಲಗೆಯ ಹಿಂದೂ ಮುಂದೂ ಎರಡೂ ಕಡೆ ಹೆಸರು ಬರೆದುಬಿಟ್ರು, ತಾವು ಕುದುರೆ ಇಳಿಯೋ ಬದಿಯಲ್ಲಿ ಸ್ವಲ್ಪ ಓರೆಗೆ, ಮೊಣಕಾಲೂರಿ ಕೆಳಗೆ ಕೂತು ತೆಗೆದ್ರು. ಕುದುರೆ ಮುಂಗಾಲು ಮಡಚಿ ಗಳದ ಮೇಲೆ ಇರೋ ಆ ಒಂದು ಕ್ಷಣ, ಕೆಳಗೆ ಹೆಸರು, ಮೇಲೆ ಸವಾರರ ಮುಖ, ಮೂರೂ ಒಂದೇ ಚೌಕಟ್ಟಲ್ಲಿ. ಪ್ರತಿ ಜಂಪಿಗೂ, ಅಂದ್ರೆ ಪ್ರತಿ ಸ್ಪಾನ್ಸರಿಗೂ, ಇಂಥದ್ದೊಂದು ಸಿಗೋ ತನಕ ಅವರು ಪಟ್ಟಿಯಲ್ಲಿ ಟಿಕ್ ಹಾಕ್ತಿರ್ಲಿಲ್ಲ. ಶೋ ಮಧ್ಯೆ ಮೈದಾನದೊಳಗೆ ಓಡಾಡೋದಿಲ್ಲ, ಫ್ಲ್ಯಾಶ್ ಹಾಕೋದಿಲ್ಲ, ಜೋರು ಬಣ್ಣದ ಛತ್ರಿ ಬಿಚ್ಚೋದಿಲ್ಲ, ಇದನ್ನ ಒಂದು ಸಲ ಹೇಳಿದ್ದು, ಎರಡನೇ ಸಲ ಹೇಳೋ ಕೆಲಸ ಬೀಳ್ಲಿಲ್ಲ.

ಸನ್ಮಾನದ ವಿಷಯವನ್ನೂ ಇವರೇ ಸರಿ ಮಾಡಿಸಿದ್ದು. ನಮ್ಮ ಕಡೆ ದುಡ್ಡು ಕೊಟ್ಟೋರನ್ನ ವೇದಿಕೆಗೆ ಕರೆದು ಶಾಲು ಹಾರ ಫಲತಾಂಬೂಲ ಕೊಡದಿದ್ರೆ ಮರ್ಯಾದೆ ಅಲ್ಲ, ಕರೆದ ಮೇಲೆ ನಾಲ್ಕು ಮಾತಾಡಿಸದಿದ್ರೂ ಅಲ್ಲ. ಆದ್ರೆ ಕುದುರೆ ಶೋದಲ್ಲಿ ನಡುವೆ ಮುಕ್ಕಾಲು ಗಂಟೆ ಭಾಷಣ ಆದ್ರೆ ಆ ಕಡೆ ಮೈ ಬಿಸಿ ಮಾಡ್ಕೊಂಡು ತಯಾರಾಗಿ ನಿಂತ ಕುದುರೆಗಳೆಲ್ಲ ತಣ್ಣಗಾಗ್ತಾವೆ, ಮತ್ತೆ ಓಡಿಸಿ ಬಿಸಿ ಮಾಡ್ಬೇಕು, ಬಿಸಿಲು ಏರಿರ್ತದೆ, ಆ ಹೊತ್ತಲ್ಲಿ ಹಾರಿಸಿದ್ರೆ ಕಾಲಿಗೆ ಪೆಟ್ಟು. ಅಕ್ಕ ಹೇಳಿದ್ರು, ಯಾವ ಕ್ಲಾಸಿಗೆ ಯಾರು ಸ್ಪಾನ್ಸರೋ ಅವರೇ ಮೈದಾನದೊಳಗೆ ಬಂದು ಗೆದ್ದ ಕುದುರೆಗೆ ರೋಸೆಟ್ (ರಿಬ್ಬನ್ನಿನ ಹೂವಿನ ಥರದ ಬ್ಯಾಜು) ಕಟ್ಲಿ, ಫೋಟೋ ತೆಗೀತೇವೆ, ಭಾಷಣ ಎಲ್ಲ ಕೊನೆಯ ಸಂಜೆಗೆ ಒಟ್ಟಿಗೇ ಇಡಿ. ಕುದುರೆ ಹತ್ರ ಯಾವತ್ತೂ ಹೋಗದ ಯಜಮಾನ್ರಿಗೆ ನಮ್ಮ ಹುಡುಗ್ರು ಎಡಗಡೆಯಿಂದ ಹೋಗಿ, ಹಿಂದೆ ನಿಲ್ಬೇಡಿ, ಮೆಲ್ಲಗೆ ಕುತ್ತಿಗೆ ಸವರಿ ಅಂತ ಹೇಳಿಕೊಟ್ರು. ಒಬ್ಬ ಅಡಿಕೆ ವ್ಯಾಪಾರಿ, ಎಪ್ಪತ್ತು ದಾಟಿದೋರು, ಕೆಂಪು ರೋಸೆಟ್ ಕಟ್ಟಿ ಕುದುರೆ ಮೂಗಿನ ಮೇಲೆ ಕೈ ಇಟ್ಕೊಂಡು ನಿಂತ ಫೋಟೋ ನೋಡ್ಬೇಕಿತ್ತು ನೀವು. ವೇದಿಕೆ ಮೇಲೆ ಶಾಲು ಹೊದ್ದು ನಿಂತ ಫೋಟೋ ಅವರ ಮನೆಯಲ್ಲಿ ಹತ್ತಾರು ಇರ್ಬಹುದು, ಇಂಥದ್ದು ಒಂದೂ ಇರ್ಲಿಕ್ಕಿಲ್ಲ.

ಪತ್ರದ ಕೆಲಸ ಅಕ್ಕಂದು. ಸ್ಪಾನ್ಸರ್ ಕೇಳೋ ಪತ್ರ ಅಂದ್ರೆ ನಮ್ಮ ಹತ್ರ ಇದ್ದಿದ್ದು ಒಂದು ಉದ್ದ ಇಂಗ್ಲಿಷ್ ಪತ್ರ, ಎಲ್ಲರಿಗೂ ಅದನ್ನೇ ಕೊಡ್ತಿದ್ವಿ. ಅವರು ಊರಿನ ಅಂಗಡಿಗಳಿಗೆ ಕನ್ನಡದಲ್ಲಿ ಒಂದೇ ಪುಟ ಮಾಡಿದ್ರು: ಎಷ್ಟು ದುಡ್ಡು, ಅದರಲ್ಲಿ ನಿಮ್ಮ ಹೆಸರು ಎಲ್ಲೆಲ್ಲಿ ಬರ್ತದೆ, ಎಷ್ಟನೇ ಜಂಪು, ಯಾವ ಕ್ಲಾಸಿನ ಬಹುಮಾನ, ಫೋಟೋ ಯಾವ ತಾರೀಖಿನೊಳಗೆ ಕೈಗೆ ಸಿಗ್ತದೆ. ಕೊಡೋಕಾಗದ ಒಂದು ಮಾತೂ ಇಲ್ಲ. ಜನ ಎಷ್ಟು ಬರ್ತಾರೆ ಅನ್ನೋ ಕಡೆ ನಾವು ದೊಡ್ಡ ಅಂಕಿ ಹಾಕೋಣ ಅಂದ್ರೆ ಹೋದ ವರ್ಷ ಊಟಕ್ಕೆ ಎಷ್ಟು ಎಲೆ ಹಾಕಿದ್ರಿ ಅದರ ಲೆಕ್ಕ ಕೊಡಿ ಅಂತ ಕೇಳಿದ್ರು. ಅದನ್ನೇ ಬರೆದ್ರು, ಅಂಗಡಿಯೋರು ಅದನ್ನ ನಂಬಿದ್ರು.

ಆಮಂತ್ರಣದ ಕಾರ್ಡಲ್ಲಿ ಸೋಂದೆಯ ಮಾತು ಸೇರಿಸಿದ್ದು ಅವರ ಐಡಿಯಾ. ಶಿರಸಿಗೂ ಕುದುರೆಗೂ ಎಂತ ಸಂಬಂಧ ಅಂತ ಕೇಳೋರು ಬಹಳ. ಶಿರಸಿಗೆ ಹತ್ತಿರವೇ ಸೋಂದೆ, ವಾದಿರಾಜರ ಮಠ, 1600ರಲ್ಲಿ ಅವರು ವೃಂದಾವನಸ್ಥರಾಗಿದ್ದು ಅಲ್ಲೇ. ವಾದಿರಾಜರು ಕಡಲೆಬೇಳೆ ಬೆಲ್ಲ ಕಾಯಿಯ ಮಡ್ಡಿ ಮಾಡಿ ತಟ್ಟೆಯನ್ನ ತಲೆ ಮೇಲೆ ಹೊತ್ತು ಕೂತ್ರೆ ಹಯಗ್ರೀವ ದೇವರು ಬಿಳಿ ಕುದುರೆಯಾಗಿ ಬಂದು ಹೆಗಲ ಮೇಲೆ ಮುಂಗಾಲಿಟ್ಟು ತಿಂತಿತ್ತು ಅನ್ನೋ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಕಾರ್ಡಿನ ಮೇಲೆ ಆ ಎರಡು ಸಾಲು ಮಾತ್ರ. ಸ್ಪಾನ್ಸರ್ ಲೋಗೋಗಳ ಪುಟದಲ್ಲಿ ದೇವರ ಚಿತ್ರ ಹಾಕೋಣ ಅಂತ ನಮ್ಮಲ್ಲೇ ಒಬ್ಬರು ಹೇಳಿದಾಗ ಅಕ್ಕ ಒಪ್ಲಿಲ್ಲ, ಕಾರ್ಡು ನೆಲಕ್ಕೆ ಬೀಳ್ತದೆ, ತುಳೀತಾರೆ ಅಂದ್ರು. ಅಂಥ ಸೂಕ್ಷ್ಮ ಇರೋರ ಹತ್ರ ಕೆಲಸ ಮಾಡಿಸೋದು ಒಂದು ಸಮಾಧಾನ. ಆ ಕಾರ್ಡ್ ಸಿಹಿತಿಂಡಿ ಅಂಗಡಿಯೊಂದರ ಯಜಮಾನ್ರ ಕೈಗೆ ಹೋಗಿದ್ದೇ ಎರಡು ದಿನದ ಮಡ್ಡಿ ನಮ್ದು ಅಂತ ಅವರಾಗಿಯೇ ಹೇಳಿ ಕಳಿಸಿದ್ರು.

ಕಂಪನಿಗಳ ಹತ್ರ ಹೋಗೋದು ಬೇರೆಯೇ ದಾರಿ, ಅದನ್ನ ಇಲ್ಲಿ ಹೇಳಲೇಬೇಕು, ಯಾಕಂದ್ರೆ ಕಾರವಾರ ಕಡೆಯ ದೊಡ್ಡ ಕಂಪನಿಗಳಿಗೆ ಸಿಎಸ್ಆರ್ ದುಡ್ಡು, ಅಂದ್ರೆ ಸಮಾಜದ ಕೆಲಸಕ್ಕೆ ಅಂತ ತೆಗೆದಿಡೋ ದುಡ್ಡು, ಇರ್ತದೆ, ಕೇಳಿದ್ರೆ ಕೊಡ್ತಾರೆ ಅಂತ ಸುಮಾರು ಜನ ತಿಳ್ಕೊಂಡಿದ್ದಾರೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನೆಟ್‌ವರ್ತ್, ಇಲ್ಲ 1000 ಕೋಟಿ ವಹಿವಾಟು, ಇಲ್ಲ 5 ಕೋಟಿ ಲಾಭ ಇರೋ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2 ಪರ್ಸೆಂಟ್ ಸಮಾಜಕ್ಕೆ ಖರ್ಚು ಮಾಡ್ಬೇಕು, ಹೌದು. ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಯ ತರಬೇತಿಯೂ ಅದರ ಪಟ್ಟಿಯಲ್ಲಿ ಇದೆ. ಆದ್ರೆ ತಮ್ಮ ಸರಕಿನ ಜಾಹೀರಾತಿಗೆ ಅಂತ ಮಾಡೋ ಸ್ಪಾನ್ಸರ್‌ಶಿಪ್ ಸಿಎಸ್ಆರ್ ಲೆಕ್ಕಕ್ಕೆ ಬರೋದಿಲ್ಲ, ಒಂದು ಸಲ ಮಾಡಿ ಮುಗಿಸೋ ಕಾರ್ಯಕ್ರಮವೂ ಬರೋದಿಲ್ಲ. ಅಂದ್ರೆ ಹಲಗೆ ಮೇಲೆ ಹೆಸರು ಬೇಕು ಅನ್ನೋರಿಗೆ ಜಾಹೀರಾತಿನ ಲೆಕ್ಕದ ಪತ್ರ, ಹಳ್ಳಿ ಮಕ್ಕಳಿಗೆ ವರ್ಷವಿಡೀ ಸವಾರಿ ಕಲಿಸೋ ಕ್ಯಾಂಪಿಗೆ ಸಿಎಸ್ಆರ್ ಪತ್ರ, ಎರಡನ್ನೂ ಕಲಸಬಾರ್ದು. ನಮ್ಮ ಆಡಿಟರ್ ಇದನ್ನ ಹೇಳಿದ ಮೇಲೆ ಅಕ್ಕ ಎರಡು ಬೇರೆ ಬೇರೆ ಫೈಲ್ ಮಾಡಿದ್ರು. ಸ್ಪಾನ್ಸರ್‌ಶಿಪ್ಪಿಗೆ 18 ಪರ್ಸೆಂಟ್ ಜಿಎಸ್‌ಟಿ ಇದೆ, ಅದನ್ನ ಯಾರು ಕಟ್ಬೇಕು ಅನ್ನೋ ನಿಯಮ 2025ರ ಜನವರಿಯಲ್ಲಿ ಬದಲಾಗಿದೆ, ಶೋ ನಡೆಸೋದು ಕಂಪನಿಯೋ ಸಂಘವೋ ಅನ್ನೋದ್ರ ಮೇಲೆ ಹೋಗ್ತದೆ, ದುಡ್ಡು ತಗೊಳ್ಳೋ ಮೊದಲೇ ನಿಮ್ಮ ಆಡಿಟರ್ ಹತ್ರ ಕೂತ್ಕೊಂಡು ಬಗೆಹರಿಸ್ಕೊಳ್ಳಿ. ಬಿಲ್ಲು ಸರಿ ಇಲ್ಲ ಅಂದ್ರೆ ಕಂಪನಿಯೋರು ಮರು ವರ್ಷ ಫೈಲ್ ಮುಟ್ಟೋದೇ ಇಲ್ಲ.

ಇನ್ನು ಈ ಅಂಗಡಿಯ ನಿಜವಾದ ಸಾಮಾನು, ಆ ಫೈಲು. ಶೋ ಮುಗಿದು 15 ದಿನದೊಳಗೆ ಪ್ರತಿ ಸ್ಪಾನ್ಸರಿಗೆ ಒಂದೊಂದು ತೆಳ್ಳಗಿನ ಸ್ಪೈರಲ್ ಫೈಲ್. ಅವರ ಜಂಪಿನ ಫೋಟೋ, ಅವರು ರೋಸೆಟ್ ಕಟ್ಟಿದ ಫೋಟೋ, ಪೇಪರಲ್ಲಿ ಬಂದ ಸುದ್ದಿಯ ಕಟಿಂಗ್, ಅವರ ದುಡ್ಡು ಯಾವುದಕ್ಕೆ ಹೋಯ್ತು ಅನ್ನೋ ಲೆಕ್ಕ, ಅವರು ಪ್ರಾಯೋಜಿಸಿದ ಕ್ಲಾಸಲ್ಲಿ ಗೆದ್ದ ಮಗು ಕೈಯಾರೆ ಬರೆದ ಎರಡು ಸಾಲು. ಆಂಬುಲೆನ್ಸಿಗೆ ದುಡ್ಡು ಕೊಟ್ಟಿದ್ದ ಒಬ್ಬ ಡಾಕ್ಟ್ರ ಫೈಲಲ್ಲಿ ಎರಡು ದಿನದಲ್ಲಿ ಯಾರಿಗೂ ಪೆಟ್ಟಾಗ್ಲಿಲ್ಲ, ಆಂಬುಲೆನ್ಸ್ ಮೈದಾನ ಬಿಟ್ಟು ಹೋಗ್ಲೇ ಇಲ್ಲ ಅಂತ ಬರೆದಿದ್ರು, ಅವರು ಅದನ್ನ ಓದಿ ಬಹಳ ಖುಷಿಪಟ್ರು. ಪೋಸ್ಟಲ್ಲಿ ಕಳಿಸ್ಬೇಡಿ, ವಾಟ್ಸಾಪ್ ಮಾಡ್ಬೇಡಿ, ನೀವೇ ಹೋಗಿ ಕೈಗೆ ಕೊಡಿ, ಆವತ್ತು ಮುಂದಿನ ವರ್ಷದ ದುಡ್ಡಿನ ಮಾತು ಮಾತ್ರ ಎತ್ಲೇಬೇಡಿ ಅಂತ ಅಕ್ಕ ಕಟ್ಟುನಿಟ್ಟು ಹೇಳಿದ್ರು. ಹಾಗೇ ಮಾಡಿದ್ವಿ. ಹಿಂದಿನ ಕಂಪನಿ ಕಾಲದಲ್ಲಿ ಬಿಟ್ಟು ಹೋದೋರಲ್ಲಿ ಹೆಚ್ಚಿನೋರು ವಾಪಸ್ ಬಂದಿದ್ದಾರೆ, ಹೊಸಬರನ್ನ ಹುಡುಕೋ ಓಡಾಟ ಅರ್ಧಕ್ಕರ್ಧ ಇಳಿದಿದೆ.

ದೊಡ್ಡ ಶೋಗಳ ಇತಿಹಾಸ ನೋಡಿದ್ರೂ ಇದೇ ಕಾಣ್ತದೆ. ಇಂಗ್ಲೆಂಡಿನ ಬ್ಯಾಡ್ಮಿಂಟನ್ ಎಸ್ಟೇಟಿನಲ್ಲಿ 1949ರಿಂದ ನಡೀತಿರೋ ಡ್ರೆಸಾಜ್ (ಕುದುರೆಯನ್ನ ಹೇಳಿದ ಹಾಗೆ ಹೆಜ್ಜೆ ಹಾಕಿಸೋದು), ಕ್ರಾಸ್ ಕಂಟ್ರಿ, ಜಂಪಿಂಗ್ ಹೀಗೆ ಮೂರು ವಿಭಾಗದ ಸ್ಪರ್ಧೆಗೆ ವಿಟ್‌ಬ್ರೆಡ್ ಅನ್ನೋ ಬಿಯರ್ ಕಂಪನಿ 1961ರಿಂದ 1991ರ ತನಕ ಸ್ಪಾನ್ಸರ್ ಆಗಿತ್ತು, ಅದು ಹೋದ ಮೇಲೆ 1992ರಿಂದ ಮಿತ್ಸುಬಿಷಿ ಬಂದು ಅದೂ ಕಾಲು ಶತಮಾನಕ್ಕೂ ಮೇಲೆ ಇತ್ತು. ಅಂದ್ರೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬರೀ ಎರಡು ಮುಖ್ಯ ಸ್ಪಾನ್ಸರ್. ನಮ್ಮಲ್ಲೇ ನೋಡಿ, ಬೆಂಗಳೂರಿನ ಸವಾರ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ವೈಯಕ್ತಿಕ ಬೆಳ್ಳಿ, ತಂಡದ ಬೆಳ್ಳಿ ತಂದಿದ್ದು, ಆಮೇಲೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸೆನ್ಯೂರ್ ಮೆಡಿಕಾಟ್ ಕುದುರೆ ಮೇಲೆ ಫೈನಲ್ ತನಕ ಹೋಗಿ 23ನೇ ಸ್ಥಾನಕ್ಕೆ ಬಂದಿದ್ದು, ಹಿಂದೆ ಬೆಂಗಳೂರಿನ ಕಟ್ಟಡ ಕಂಪನಿ ಎಂಬಸಿ ಗ್ರೂಪ್ ವರ್ಷಗಟ್ಟಲೆ ಬೆನ್ನಿಗೆ ನಿಂತಿದ್ದಕ್ಕೆ. ಒಂದು ವರ್ಷ ಕೊಟ್ಟು ಬಿಟ್ಟಿದ್ರೆ ಕುದುರೆ ಪಳಗೋದ್ರೊಳಗೆ ದುಡ್ಡು ಮುಗಿದಿರ್ತಿತ್ತು. 2023ರಲ್ಲಿ ಹಾಂಗ್ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನುಷ್ ಅಗರ್ವಾಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ನಾಲ್ಕು ಜನ ಡ್ರೆಸಾಜ್ ತಂಡದ ಚಿನ್ನ ಗೆದ್ರಲ್ಲ, 1982ರ ದಿಲ್ಲಿ ಆದ ಮೇಲೆ ಕುದುರೆ ಸವಾರಿಗೆ ಬಂದ ಮೊದಲ ಚಿನ್ನ, ಆ ಒಂದು ಸಾಲು ನಮ್ಮ ಪತ್ರಕ್ಕೆ ಸೇರಿದ ಮೇಲೆ ಅಂಗಡಿಯೋರು ಕೇಳೋ ರೀತಿಯೇ ಬದಲಾಯ್ತು. ಮೊದಲು ಇದು ಶ್ರೀಮಂತರ ಆಟ ಅಂತಿದ್ದೋರು ಈಗ ನಮ್ಮ ಊರಿನ ಮಕ್ಕಳೂ ಅಲ್ಲಿಗೆ ಹೋಗ್ಬಹುದಾ ಅಂತ ಕೇಳ್ತಾರೆ.

ರೇಟ್ ನಾವು ಕೊಟ್ಟಿದ್ದು: ಎರಡು ಕಡೆ ಬರೆದ ಹಲಗೆ ಒಂದಕ್ಕೆ 1,800 ರೂಪಾಯಿ, ಎರಡು ದಿನದ ಫೋಟೋಗೆ 14,000, ಫೈಲ್ ಒಂದಕ್ಕೆ 350, ಪತ್ರ ಮತ್ತೆ ಕಾರ್ಡಿನ ಡಿಸೈನಿಗೆ ಬೇರೆ. ಪ್ಲೈವುಡ್ ರೇಟ್ ಏರಿದ್ರೆ ಇದೂ ಏರ್ತದೆ. ಕಮಿಷನ್ ಕೊಡ್ತಿದ್ದ ಕಾಲಕ್ಕೆ ಹೋಲಿಸಿದ್ರೆ ಬಹಳ ಕಮ್ಮಿ, ಹಲಗೆ ಮೂರ್ನಾಲ್ಕು ವರ್ಷ ಬರ್ತದೆ ಅನ್ನೋದು ಮೇಲಿಂದ ಲಾಭ.

ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಯಾಕೆ ಅಂದ್ರೆ, ವಿಡಿಯೋ ಇವರ ಕೈಯಲ್ಲಿ ಅಷ್ಟಕ್ಕಷ್ಟೇ. ಈಗಿನ ಸ್ಪಾನ್ಸರ್‌ಗಳು ರೀಲ್ಸ್ ಕೇಳ್ತಾರೆ, ಅದಕ್ಕೆ ನಾವು ಬೇರೆ ಹುಡುಗನ್ನ ಇಟ್ಕೊಳ್ಬೇಕಾಯ್ತು, ಅಂಗಡಿಯೋರೇ ಯಾರನ್ನಾದ್ರೂ ಜೊತೆ ಮಾಡ್ಕೊಂಡ್ರೆ ಒಳ್ಳೇದು. ಇಂಗ್ಲಿಷ್ ಪತ್ರ ಇನ್ನೊಬ್ಬರ ಕಣ್ಣಿಗೆ ಬೀಳದೆ ಕಳಿಸ್ಬೇಡಿ. ಇನ್ನೊಂದು, ಇಬ್ಬರೇ ಮಾಡೋದ್ರಿಂದ ಒಟ್ಟಿಗೆ ಎರಡು ಕೆಲಸ ಹಿಡಿಯೋದಿಲ್ಲ, ಬೇಡ ಅಂದ್ರೆ ಬೇಡವೇ, ಎಷ್ಟು ದುಡ್ಡು ಹೆಚ್ಚು ಕೊಡ್ತೇನೆ ಅಂದ್ರೂ ಆಗೋದಿಲ್ಲ.

ಹಾಗಾಗಿ ಮೊದಲೇ ಹೇಳಿಟ್ಕೊಳ್ಳಿ. ಮಾರಿಕಾಂಬೆ ಜಾತ್ರೆ ಇರೋ ವರ್ಷ, ಅಂದ್ರೆ ಎರಡು ವರ್ಷಕ್ಕೊಮ್ಮೆ, ಶಿರಸಿಯಲ್ಲಿ ಬೋರ್ಡ್ ಬರೆಯೋರು ಯಾರೂ ಕೈಗೆ ಸಿಗೋದಿಲ್ಲ, ಸ್ಪಾನ್ಸರ್‌ಗಳ ದುಡ್ಡೂ ಆ ಕಡೆ ಹೋಗಿರ್ತದೆ, ಆ ವರ್ಷ ದಸರಾ ಹೊತ್ತಿಗೇ ಅಂಗಡಿಗಳಿಗೂ ಇವರ ಹತ್ರವೂ ಹೋಗಿ ಬರ್ಬೇಕು. ಬೇರೆ ವರ್ಷ ನವೆಂಬರ್ ಆದ್ರೂ ನಡೀತದೆ. ಅರ್ಧ ದುಡ್ಡು ಅಡ್ವಾನ್ಸ್. ಹೋಗುವಾಗ ಮೈದಾನದ ನಕ್ಷೆ ತಗೊಂಡು ಹೋಗಿ, ಸ್ಪಾನ್ಸರ್‌ಗಳ ಹೆಸರನ್ನ ಅವರ ಅಂಗಡಿ ಬೋರ್ಡಲ್ಲಿ ಹೇಗಿದೆಯೋ ಹಾಗೇ ಅಕ್ಷರ ತಪ್ಪಿಲ್ಲದೆ ಬರ್ಕೊಂಡು ಹೋಗಿ, ಅಕ್ಕ ಕೂತ ಕೂಡ್ಲೆ ಕೇಳೋದು ಆ ಪಟ್ಟಿಯನ್ನೇ.